ಅತ್ತೆ ಲಿನಕ್ಸ್ ಹಾಕಿದ ದಿನ

ಇವತ್ತು ನನ್ನ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕುವಾಗ, ಡಿಸ್ಕ್ ಪೂರ್ತಿ ಅಳಿಸಲೇ ಎಂಬ ಪ್ರಶ್ನೆ ಬಂದಾಗ ಯೆಸ್ ಒತ್ತಲು ಹಿಂಜರಿದೆ. ಅತ್ತೆ ಹಿಂಜರಿದಿರಲಿಲ್ಲ.

ವರ್ಷಗಳ ಹಿಂದೆ, ಹಾಸ್ಟೆಲಿನಿಂದ ರಜೆಗೆ ಬನಶಂಕರಿಯ ಮನೆಗೆ ಬಂದಿದ್ದೆ. ಅಪ್ಪ ಕೈ ತೊಳೆದು, ಕಂಪ್ಯೂಟರಿಗೆ ಹೊದಿಸಿದ್ದ ಹೂವಿನ ಬಟ್ಟೆ ಮಡಚಿಟ್ಟೇ ಜಾತಕದ ಪ್ರೋಗ್ರಾಂ ತೆರೆಯುತ್ತಿದ್ದರು. ಅದು ಅವರ ತಂಗಿಗೆ, ಅಂದರೆ ನನ್ನ ಅತ್ತೆಗೆ, ಬಂದ ಮೂರು ಸಂಬಂಧಗಳನ್ನು ಆಗಲೇ ಫೇಲ್ ಮಾಡಿತ್ತು. ಭಾನುವಾರದ ಸರದಿ ಅತ್ತೆಯೇ ಮೆಚ್ಚಿದ ಆಫೀಸಿನ ಹುಡುಗನದು.

ಶನಿವಾರ ಅಪ್ಪ ತರಕಾರಿಗೆ ಹೋದಾಗ ಅತ್ತೆ, ಪೋಸ್ಟಿನಲ್ಲಿ ಪುಕ್ಕಟೆ ಬಂದಿದ್ದ ಲಿನಕ್ಸ್ ಸಿ.ಡಿ. ಹಾಕಿ ಎಲ್ಲದಕ್ಕೂ ಯೆಸ್ ಒತ್ತಿದರು.

"ಅಪ್ಪ ಬೈತಾರೆ ಅತ್ತೆ."

"ಸುಮ್ನಿರು ಪುಟ್ಟಿ. ಇದು ಸಖತ್ ಈಸಿ."

ಮರುದಿನ ಹುಡುಗನ ಮನೆಯವರು ನಡುಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರೆ, ಅಪ್ಪ ಒಳಗೆ ಕಂಪ್ಯೂಟರ್ ಮುಂದೆ ಬೆವರುತ್ತಿದ್ದರು.

"ಗ್ರಹಗಳೆಲ್ಲಾ ಎಲ್ಲೋದ್ವೇ?"

"ವಿಂಡೋಸ್‌ಗೆ ವೈರಸ್ ಬಂದಿತ್ತಣ್ಣ, ತೆಗೆದೆ. ಇದ್ರಲ್ಲಿ ಜಾತಕ ಓಪನ್ ಆಗಲ್ಲ. ಇಸ್ಪೀಟಿದೆ, ಆಡ್ತೀಯಾ?"

ಕಂಪ್ಯೂಟರ್ ತನಗೆ ಬರಲಿಲ್ಲವೆಂದು ನಾಲ್ಕು ಜನರೆದುರು ಹೇಳುವವರಲ್ಲ ಅಪ್ಪ. ಹೊರಗೆ ಬಂದು ಗಂಟಲು ಸರಿಮಾಡಿಕೊಂಡು, "ಮೂವತ್ತಾರಕ್ಕೆ ಮೂವತ್ತು ಗುಣ ಕೂಡಿದೆ," ಎಂದರು.

ಈಗ ಭಯಕ್ಕೆ ಅತ್ತೆಗೇ ಫೋನ್ ಮಾಡಿದೆ.

"ಬ್ಯಾಕಪ್ ತಗೊಂಡ್ಯಾ?"

"ಅವತ್ತು ನೀವು ತಗೊಂಡಿದ್ರಾ?"

"ನಂಗೆ ಬೇಕಾಗಿದ್ದು ಆ ಡಿಸ್ಕಲ್ಲಿ ಇರ್ಲಿಲ್ಲ ಕಣೇ," ಎಂದರು. ಹಿಂದೆ ಮಾವ ಕಾಫಿ ಕೇಳುತ್ತಿದ್ದರು.