ದೂರು ಹೇಳಲು ಹೋದ ಫಿರಾ

ಫಿರಾ ಮೊಯ್ಸೆಯೆವ್ನಾ ಗೊಮೆಲ್‌ನ ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ನೇಯ್ಗೆಯ ತಪ್ಪು ಹುಡುಕುವ ಕೆಲಸ ಮಾಡಿದವರು. ಸೋವಿಯತ್ ದೇಶ ಒಡೆದ ಮೇಲೆ ಗಂಡನ ಜೊತೆ ಕ್ಲೀವ್‌ಲ್ಯಾಂಡಿಗೆ ಬಂದರು. ಗಂಡ ತೀರಿಕೊಂಡ. ಎಂಬತ್ತೊಂದನೆಯ ವಯಸ್ಸಿಗೆ ಬೆರಳುಗಳು ಎಷ್ಟು ಸೊಟ್ಟಗಾಗಿದ್ದವೆಂದರೆ ಸ್ವೆಟರಿನ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಮಾರ್ವೆಟ್ ಎಂಬ ಸಹಾಯಕಿ ವಾರಕ್ಕೆ ಇಪ್ಪತ್ತು ಗಂಟೆ ಬಂದು ಸ್ನಾನ ಮಾಡಿಸಿ, ಬೀಟ್‌ರೂಟ್ ಸಾರು ಮಾಡಿಟ್ಟು ಹೋಗುತ್ತಿದ್ದಳು. ಅವಳ ಸಂಬಳ ಸರ್ಕಾರದ್ದು, ಏರ್ಪಾಟು ನಮ್ಮ ಯಹೂದಿ ಸೇವಾ ಸಂಸ್ಥೆಯದು. ನಾನು ಅಲ್ಲಿ ರಷ್ಯನ್ ದುಭಾಷಿ.

ಆ ವಸಂತದಲ್ಲಿ ಇಪ್ಪತ್ತು ಗಂಟೆಯನ್ನು ಹನ್ನೆರಡಕ್ಕೆ ಇಳಿಸುವ ಮಸೂದೆ ಬಂತು. ಸಂಸ್ಥೆಯ ಪರವಾಗಿ ಶಾಸಕರ ಮುಂದೆ ವಾದಿಸುವ ಡೀನಾ ಲೆಹ್ರರ್ ನನ್ನನ್ನು ಕರೆದುಕೊಂಡು ಫಿರಾ ಮನೆಗೆ ಹೋದಳು.

"ರಾಜಧಾನಿಗೆ ಬನ್ನಿ. ನಿಮ್ಮ ಕಷ್ಟಾನ ಶಾಸಕರ ಸಮಿತಿ ಮುಂದೆ ನೀವೇ ಮೂರು ನಿಮಿಷ ಹೇಳಿ ಸಾಕು," ಎಂದಳು ಡೀನಾ.

ನಾನು ಅನುವಾದಿಸಿದೆ. ಫಿರಾ ನನ್ನನ್ನೇ ದುರುಗುಟ್ಟಿ ನೋಡಿದರು. "ಸರ್ಕಾರದ ಮೇಲೆ ಸರ್ಕಾರಕ್ಕೇ ದೂರಾ? ಇವಳು ಹಂಗಂದ್ಲಾ, ಇಲ್ಲಾ ನಿಂಗೆ ರಷ್ಯನ್ ಮರ್ತು ಹೋಯ್ತಾ, ರೀವಾ?"

"ಹಂಗೇ ಅಂದ್ಲು, ಫಿರಾ ಮೊಯ್ಸೆಯೆವ್ನಾ."

"ಸಿಟ್ಟು ಬಂದು ಆ ಹನ್ನೆರಡನ್ನೂ ಕಿತ್ಕೊಂಡ್ರೆ?"

ಗೊಮೆಲ್‌ನಲ್ಲಿ ಅವರ ಅಪ್ಪ ಸೋರುವ ಮಾಡಿನ ಬಗ್ಗೆ ಒಂದೇ ಒಂದು ಅರ್ಜಿ ಬರೆದಿದ್ದರು. ಮಾಡು ಸೋರುತ್ತಲೇ ಇತ್ತು, ಕೆಲಸ ಮಾತ್ರ ಹೋಯಿತು. ಇದನ್ನು ಹೇಳಿ ಮುಗಿಸಿದ ಫಿರಾ, ಯಾಕೋ ಏನೋ, ಬರುತ್ತೇನೆ ಎಂದುಬಿಟ್ಟರು. ಡೀನಾ ಅಷ್ಟು ದೂರದಿಂದ ಬಂದಿದ್ದಳಲ್ಲ, ಇಲ್ಲ ಅನ್ನಲು ನಾಚಿಕೆಯಾಯಿತಂತೆ.

ಬಸ್ಸು ಹತ್ತುವಾಗ ಅವರ ಕೈಯಲ್ಲಿ ದೊಡ್ಡದೊಂದು ಚಾಕೊಲೇಟ್ ಡಬ್ಬಿ. ಸಮಿತಿಯ ಅಧ್ಯಕ್ಷರಿಗಂತೆ! ಡೀನಾ ಬೆಚ್ಚಿಬಿದ್ದಳು. "ಅಯ್ಯೋ ಬೇಡ! ಅದು ಲಂಚ ಆಗುತ್ತೆ."

"ಬರಿಗೈಲಿ ಹೋಗಿ ಕೇಳೋದಾ? ಇದೆಂಥ ಮರ್ಯಾದೆ?" ಎಂದು ಗೊಣಗುತ್ತಾ ಡಬ್ಬಿಯನ್ನು ಬಸ್ಸಿನವರಿಗೆಲ್ಲ ಹಂಚಿದರು.

ಸಮಿತಿಯ ಕೋಣೆಯಲ್ಲಿ ಅವರ ಹೆಸರು ಕೂಗಿದಾಗ ನಾನು ಪಕ್ಕದಲ್ಲಿ ಕುಳಿತೆ. ಡೀನಾ ಬರೆದುಕೊಟ್ಟ ಕಾಗದ ಮೇಜಿನ ಮೇಲಿತ್ತು. ಫಿರಾ ಅದನ್ನು ಮುಟ್ಟಲಿಲ್ಲ. "ಎಲ್ಲಾ ಚೆನ್ನಾಗಿದೆ. ಸರ್ಕಾರಕ್ಕೆ ತುಂಬಾ ಥ್ಯಾಂಕ್ಸು. ಮಾರ್ವೆಟ್ ಬಂಗಾರದಂಥ ಹುಡುಗಿ," ಎಂದು ಮುಗಿಸಿಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ಡೀನಾ ಹಣೆ ಹಿಡಿದುಕೊಂಡಳು.

ಅಧ್ಯಕ್ಷರು ಕನ್ನಡಕ ತೆಗೆದರು. "ಹಾಗಾದ್ರೆ ಹನ್ನೆರಡು ಗಂಟೆ ಸಾಕಾಗುತ್ತಾ, ಅಮ್ಮಾ?"

ಫಿರಾ ತಬ್ಬಿಬ್ಬಾದರು. ಮುಂದಕ್ಕೆ ಬಾಗಿ, "ಉಳಿದ ಎಂಟು ಗಂಟೆ ಯಾರಿಗೆ ಕೊಡ್ತೀರಾ?" ಎಂದು ಕೇಳಿದರು.

"ಯಾರಿಗೂ ಇಲ್ಲ. ಉಳಿತಾಯ."

"ನನಗಿಂತ ಕಷ್ಟದಲ್ಲಿರೋರಿಗೆ ಕೊಡೋದಾದ್ರೆ ತಗೊಳ್ಳಿ. ಹನ್ನೆರಡರಲ್ಲಿ ಹೆಂಗೋ ಮಾಡ್ಕೋತೀನಿ, ಸ್ನಾನ ಕಮ್ಮಿ ಮಾಡ್ತೀನಿ. ಆದ್ರೆ ಯಾರಿಗೂ ಕೊಡಲ್ಲ ಅಂದ್ರೆ ನಂಗೆ ಅರ್ಥ ಆಗ್ಲಿಲ್ಲ. ಗಂಟೆನ ಹಂಗೆ ಎತ್ತಿಡೋಕಾಗುತ್ತಾ? ನೀವೇ ಸ್ವಲ್ಪ ಬಿಡಿಸಿ ಹೇಳಿ."

ವ್ಯಂಗ್ಯವಿರಲಿಲ್ಲ. ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ. ಉತ್ತರಕ್ಕಾಗಿ ನನ್ನ ಮುಖ ನೋಡುತ್ತಾ ಕುಳಿತರು, ಅಧ್ಯಕ್ಷರು ಕಾಗದಗಳನ್ನು ಮಗುಚುತ್ತಾ ಕುಳಿತರು. ಕೊನೆಗೆ ಸಮಯ ಮುಗಿಯಿತೆಂಬ ಗಂಟೆ ಹೊಡೆಯಿತು.

ಐದು ವಾರದ ನಂತರ ಸಮಿತಿ ಗಂಟೆಗಳನ್ನು ಹದಿನೆಂಟಕ್ಕೆ ನಿಲ್ಲಿಸಿತು. ಗೆದ್ದೆವು ಎಂದು ಡೀನಾ ಕೇಕ್ ತಂದಳು.

"ಎರಡು ಹೋಯ್ತಲ್ಲ, ಗೆದ್ದಿದ್ದು ಹೆಂಗೆ?" ಎಂದರು ಫಿರಾ. "ಅಲ್ಲಾ, ನಾನು ದೂರೇ ಹೇಳ್ಲಿಲ್ವಲ್ಲ!"

ಅವರ ಮಾತಿನಿಂದಲೇ ಹೀಗಾಯಿತೋ, ಡೀನಾಳ ಎರಡು ತಿಂಗಳ ಓಡಾಟದಿಂದಲೋ, ನನಗೂ ಗೊತ್ತಿಲ್ಲ. ಮರುವರ್ಷ ರಾಜಧಾನಿಗೆ ಹೋಗುವವರ ಪಟ್ಟಿಗೆ ಮೊದಲು ಹೆಸರು ಕೊಟ್ಟವರು ಫಿರಾ. ಬಸ್ಸು ಹೆದ್ದಾರಿಗೆ ಬಂದ ಮೇಲೆ ನನ್ನ ತೋಳು ಎಳೆದು ಮೆಲ್ಲಗೆ ಕೇಳಿದರು: "ರೀವಾ, ಈ ಸಲದ ಮಸೂದೆನ ನಾವು ಬೇಕು ಅನ್ನೋರಾ, ಬೇಡ ಅನ್ನೋರಾ?"