ಕಂಪ್ಯೂಟರ್ ಯೋಚನೆ ಮಾಡುವಾಗ

ಆ ದಿನಗಳಲ್ಲಿ ಹೊಸಪೇಟೆಯ ನಮ್ಮ ಓಣಿಯವರು ಕಂಪ್ಯೂಟರ್ ನೋಡಲು ಬಂದರೆ ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿಕೊಂಡು, ದೂರವೇ ನಿಂತು ನೋಡಿ ಹೋಗುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮನೆಯ ಹಿಂದೆ ಕಾಲುವೆ. ಗಾಳಿ ತಿರುಗಿದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಅದಿರು ಲಾರಿಗಳ ಧೂಳಿಗೆ ಸಂಜೆಯೊಳಗೆ ಕೆಂಪಗಾಗುತ್ತಿತ್ತು, ಅದಕ್ಕಾಗಿ ಅವ್ವ ದಿನಾ ಯಾರನ್ನೋ ಬೈಯುತ್ತಿದ್ದಳು.

ಅಪ್ಪ ಸಂಡೂರಿನ ಕಡೆ ಒಂದು ಗಣಿಯಲ್ಲಿ ಲಾರಿಗಳ ತೂಕ ಹಿಡಿಯುವ ಕೆಲಸದಲ್ಲಿದ್ದ. ಅಲ್ಲಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಅಪ್ಪನಿಗೆ ಕೊಟ್ಟರು. ಅದನ್ನು ಚಾದರದಲ್ಲಿ ಸುತ್ತಿ, ಲಾರಿಯ ಕ್ಯಾಬಿನ್ನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದ. ನನ್ನ ಇಬ್ಬರು ಅಕ್ಕಂದಿರಿಗೂ ಮದುವೆಯಾಗಿತ್ತು. ಮನೆಯಲ್ಲಿ ಉಳಿದವಳು ಏಳನೇ ಕ್ಲಾಸಿನ ನಾನೊಬ್ಬಳೇ, ಹಾಗಾಗಿ ಅದು ನನ್ನದೇ ಆಯಿತು.

ಆಫೀಸಿನವರು ಅದರೊಳಗೆ ಒಂದು ಆಟ ಹಾಕಿಟ್ಟು ತೆಗೆಯಲು ಮರೆತಿದ್ದರು. ರಾಜ್ಯ ಕಟ್ಟುವ ಆಟ. ನಾನೊಬ್ಬಳು ರಾಣಿ, ಕಂಪ್ಯೂಟರಿನ ಕಡೆ ಐದು ಮಂದಿ ರಾಜರು. ನನ್ನ ಸರದಿಯಲ್ಲಿ ನಾನು ಊರು ಕಟ್ಟಬೇಕು, ಗದ್ದೆ ಮಾಡಬೇಕು, ದಂಡು ನಡೆಸಬೇಕು. ಆಮೇಲೆ ಆ ಐವರೂ ಒಬ್ಬೊಬ್ಬರಾಗಿ ಆಡಬೇಕು. ಊರುಗಳೂ ಸೈನಿಕರೂ ಹೆಚ್ಚಿದಷ್ಟು ಆ ಹಳೆಯ ಮಷಿನ್ನು ಏದುಸಿರು ಬಿಡುತ್ತಿತ್ತು. ಪರದೆಯ ಮೇಲೆ ಮರಳುಗಡಿಯಾರದ ಚಿತ್ರ ಬಂದು ನಿಂತಿತೆಂದರೆ ಹತ್ತು ನಿಮಿಷ ಏನೂ ಮಾಡುವ ಹಾಗಿಲ್ಲ. "ಮುಟ್ಟಬ್ಯಾಡ, ಯೋಚನಿ ಮಾಡಾಕತ್ತೈತಿ" ಎನ್ನುತ್ತಿದ್ದ ಅಪ್ಪ, ದೊಡ್ಡ ಮನುಷ್ಯರ ಬಗ್ಗೆ ಮಾತಾಡುವ ದನಿಯಲ್ಲಿ.

ಭಾನುವಾರ ಮಧ್ಯಾಹ್ನ ಅವ್ವ ಮಂಡಕ್ಕಿ ತೋಯಿಸಿ ಮಂಡಾಳು ಒಗ್ಗರಣೆ ಮಾಡಿ, ಜೊತೆಗೆ ಎರಡು ಮೆಣಸಿನಕಾಯಿ ಬಜ್ಜಿ ಇಟ್ಟು ಕೊಡುತ್ತಿದ್ದಳು. ಅಪ್ಪ ತಟ್ಟೆ ಹಿಡಿದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಮಷಿನ್ನು ಕೆಟ್ಟೀತು ಎಂಬ ಹೆದರಿಕೆಗೆ ಕೂತವನು ಬರಬರುತ್ತ ಆಟದ ಮಂತ್ರಿಯೇ ಆದ. ಒಂದು ದಿನ ನಾನು ಹೊಳೆಯ ಪಕ್ಕ ಹೊಸ ಊರು ಕಟ್ಟಲು ಹೊರಟಾಗ ತಡೆದ.

"ಹೊಳಿ ದಂಡಿಗೆ ಕಟ್ಟಬ್ಯಾಡ ಯವ್ವಾ."

"ಯಾಕಪ್ಪ? ನೀರಿದ್ರ ಬೆಳಿ ಭಾಳ ಬರ್ತೈತಿ."

"ಬರ್ತೈತಿ. ಆಮ್ಯಾಲ ಮುಳಗ್ತೈತಿ."

"ಇದರಾಗ ಊರು ಮುಳಗಂಗಿಲ್ಲ."

"ನಮ್ಮೂರಾಗೂ ಹಂಗ ಅಂತಿದ್ರು" ಎಂದ ಅಪ್ಪ.

ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ಅಪ್ಪನ ಊರು ಹಿನ್ನೀರಿನಲ್ಲಿ ಮುಳುಗಿತ್ತೆಂಬುದು ನನಗೆ ಗೊತ್ತಿತ್ತು. ಆಗ ಅವನಿಗೆ ಹನ್ನೆರಡು ವರ್ಷ. ಅದಕ್ಕಿಂತ ಹೆಚ್ಚು ಅವನು ಯಾವತ್ತೂ ಹೇಳಿದವನಲ್ಲ. ಆ ಅಣೆಕಟ್ಟಿನ ಕಾಲುವೆ ನೀರಿನಲ್ಲೇ ಕಂಪ್ಲಿಯ ಗದ್ದೆ ಬೆಳೆಯುತ್ತಿತ್ತು, ಆ ಗದ್ದೆಯ ಅಕ್ಕಿಯನ್ನೇ ನಾವು ಉಣ್ಣುತ್ತಿದ್ದೆವು. ಇನ್ನು ಯಾರ ಮುಂದೆ ಏನೆಂದು ದೂರುವುದು. ಮೊದಲೇ ಮಾತು ಕಮ್ಮಿಯ ಮನುಷ್ಯ, ಕೈಯಲ್ಲಿ ಕೆಲಸವಿದ್ದರಂತೂ ಬಾಯಿಯೇ ಬಿಡುತ್ತಿರಲಿಲ್ಲ. ಆ ಭಾನುವಾರ ಮರಳುಗಡಿಯಾರದ ಮುಂದೆ ಕೈಗೆ ಕೆಲಸವಿಲ್ಲದೆ ಕೂತಿದ್ದಕ್ಕೋ ಏನೋ, ತಾನಾಗಿ ಶುರು ಮಾಡಿದ.

ಊರ ಅಗಸಿ ಬಾಗಿಲಿನಿಂದ ಹಿಡಿದು, ಭಾನುವಾರದಿಂದ ಭಾನುವಾರಕ್ಕೆ ಮನೆಮನೆಯಾಗಿ ಹೇಳುತ್ತ ಹೋದ. ಮೊದಲ ಮನೆ ಬಡಿಗೇರ ಮಾನಪ್ಪನದು. ಊರು ಬಿಡುವ ದಿನವೂ ಅವನು ಯಾರದೋ ಬಂಡಿಯ ಗಾಲಿಗೆ ಅರ ಕೂರಿಸುತ್ತಿದ್ದನಂತೆ, ಬಂಡಿಯಿಲ್ಲದೆ ಅವರು ಸಾಮಾನು ಸಾಗಿಸುವುದಾದರೂ ಹೇಗೆ ಎಂದು. ಅದರ ಪಕ್ಕ ಕುಂಬಾರ ಈರಮ್ಮ. ಆಮೇಲೆ ಅಣ್ಣತಮ್ಮಂದಿರಿಬ್ಬರು ಜಗಳವಾಡಿ ಅಂಗಳದ ನಡುವೆ ಗೋಡೆ ಹಾಕಿಕೊಂಡಿದ್ದ ಮನೆ. ಲಾರಿಗಳನ್ನು ಸಾಲಾಗಿ ಬಿಟ್ಟು ಅಭ್ಯಾಸವಲ್ಲವೇ, ಅಪ್ಪ ಮನೆಗಳ ಸಾಲನ್ನೂ ತಪ್ಪಿಸುತ್ತಿರಲಿಲ್ಲ. "ನಮ್ಮನಿ ಯಾವುದಪ್ಪ?" ಎಂದು ಕೇಳಿದರೆ, "ತಡಿ, ಪಾಳಿ ಬರ್ತೈತಿ" ಎನ್ನುತ್ತಿದ್ದ. ಅಷ್ಟರಲ್ಲಿ ನನ್ನ ಸರದಿ ಬರುತ್ತಿತ್ತು. ನಾನು ದಂಡು ನಡೆಸಿ ಮುಗಿಸಿದ ಕೂಡಲೇ, "ಎಲ್ಲಿಗೆ ಬಂದಿದ್ವಿ?" ಎಂದು ಕೇಳುತ್ತಿದ್ದ.

ನಮ್ಮ ಮನೆ ಹನ್ನೊಂದನೆಯದು. ಹೊರಡುವ ಬೆಳಿಗ್ಗೆ ನನ್ನಜ್ಜಿ ಮನೆಯೆಲ್ಲ ಸಗಣಿಯಿಂದ ಸಾರಿಸಿ, ಹೊಸ್ತಿಲಿಗೆ ಕೆಮ್ಮಣ್ಣು ಬಳಿದಳಂತೆ. ನಾಳೆ ನೀರು ನುಗ್ಗುವ ಮನೆ ಯಾಕೆ ಸಾರಿಸುತ್ತೀ ಎಂದು ಅಜ್ಜ ರೇಗಿದ್ದಕ್ಕೆ, "ಹೊಲಸು ಮನಿ ಬಿಟ್ಟು ಹೋದ್ರು ಅಂತ ಹೊಳಿ ಅನಬಾರದು" ಎಂದಳಂತೆ. ಇದನ್ನು ಹೇಳುವಾಗ ಅಪ್ಪನ ಕಣ್ಣು ತುಂಬಿತ್ತು. ನಾನು ಒಮ್ಮೆ ಕಣ್ಣು ಹಾಯಿಸಿ, ಮರಳುಗಡಿಯಾರ ಯಾವಾಗ ಹೋಗುತ್ತದೋ ಎಂದು ಮತ್ತೆ ಪರದೆ ನೋಡತೊಡಗಿದೆ. ಹನ್ನೆರಡು ವರ್ಷದವಳ ಬುದ್ಧಿ ಅದು, ಬೈದರೆ ಈಗ ಯಾರಿಗೆ ಲಾಭ.

ಹದಿನೈದು ಮನೆಗೆ ಮೊದಲನೇ ಓಣಿ ಮುಗಿಯಿತು. ಎರಡನೇ ಓಣಿಯಲ್ಲಿ ಕೊಟ್ರಪ್ಪನ ಅಂಗಡಿ ಆಯಿತು, ಸೂಲಗಿತ್ತಿ ಗಂಗವ್ವನ ಮನೆ ಆಯಿತು. ಅಲ್ಲಿಗೆ ಹದಿನೇಳು. ಅಷ್ಟರಲ್ಲಿ ಪರದೆಯ ಮೇಲಿನ ನನ್ನ ರಾಜ್ಯ ದೊಡ್ಡದಾಗಿ, ಹತ್ತು ನಿಮಿಷದ ಕಾಯುವಿಕೆ ಕಾಲು ಗಂಟೆಗೆ ಬಂದಿತ್ತು. ನಡುವೆ ಕರೆಂಟು ಹೋದರೆ ಅಷ್ಟೂ ನೀರುಪಾಲು. ನಾನು ಅತ್ತುಬಿಡುತ್ತಿದ್ದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬಂದಾಗ ಅವ್ವ ನನಗೆ ಬೆಳ್ಳಿಯ ಕಾಲುಚೈನು ಕೊಡಿಸುತ್ತೇನೆಂದಳು.

"ಚೈನು ಬ್ಯಾಡ. ರ‍್ಯಾಮ್ ಹಾಕಿಸು."

"ಅದನ್ನ ಎಲ್ಲಿಗೆ ಹಾಕ್ಕೋತಿ?" ಎಂದಳು ಅವ್ವ. ಅಪ್ಪ ಅವತ್ತು ನಕ್ಕಷ್ಟು ಮತ್ತೆಂದೂ ನಕ್ಕಿದ್ದು ನನಗೆ ನೆನಪಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಖಾದರಣ್ಣ ಒಂದು ಶನಿವಾರ ಮನೆಗೆ ಬಂದ. ಡಬ್ಬಿ ಬಿಚ್ಚಿದರೆ ಒಳಗೆಲ್ಲ ಸಂಡೂರಿನ ಕೆಂಪು ಧೂಳು. "ಅರ್ಧ ಗಣಿ ಇಲ್ಲೇ ಐತಲ್ರಿ" ಎಂದು ಬ್ರಷ್ಷಿನಿಂದ ಕೊಡವಿ, ಬೆರಳುದ್ದದ ಹಸಿರು ರ‍್ಯಾಮ್ ಪಟ್ಟಿಗಳನ್ನು ಕೂರಿಸಿದ. ಪ್ರೊಸೆಸರನ್ನೂ ತೆಗೆದು, ಯಾವುದೋ ಕಂಪ್ಯೂಟರಿನಿಂದ ಬಿಚ್ಚಿ ತಂದಿದ್ದ ಚುರುಕಾದ ಇನ್ನೊಂದನ್ನು ಹಾಕಿದ. ಅಪ್ಪ ಟಾರ್ಚು ಹಿಡಿದು ನಿಂತಿದ್ದ. "ಇನ್ನ ಜಲ್ದಿ ಯೋಚನಿ ಮಾಡ್ತೈತೇನ್ರಿ?" ಎಂದು ಕೇಳಿದ. "ಯೋಚನಿ ಮಾಡೂದು ಕಾಣಂಗೇ ಇಲ್ಲ ನೋಡ್ರಿ" ಎಂದ ಖಾದರಣ್ಣ.

ಅವನು ಹೇಳಿದ್ದು ನಿಜವಾಯಿತು. ಮರುದಿನ ಭಾನುವಾರ. ಅಪ್ಪ ಒಂದು ಮುಷ್ಟಿ ಮಂಡಾಳು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಐವರು ರಾಜರೂ ಆಡಿ ಮುಗಿಸುತ್ತಿದ್ದರು. ನಾನು ಕುರ್ಚಿಯಲ್ಲೇ ಕುಣಿದೆ.

"ಗಂಗವ್ವನ ಮನಿ ಬಾಜೂಕ..." ಎಂದು ಅಪ್ಪ ಶುರು ಮಾಡಿದ.

"ತಡಿ ಅಪ್ಪ, ನನ್ನ ಸರದಿ ಬಂತು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಬಾಜೂಕ ಒಂದು ಬೇವಿನಗಿಡ..." ಎಂದ. ನಾನು ಕೈ ಎತ್ತಿ ಸುಮ್ಮನಿರಿಸಿದೆ. ಮೂರನೇ ಸಲ ಅವನು ಶುರು ಮಾಡಲಿಲ್ಲ. ತಟ್ಟೆ ತಗೊಂಡು ಎದ್ದ. "ಮಸ್ತ್ ಓಡ್ತೈತಿ ಬಿಡು" ಎಂದು ನನ್ನ ತಲೆ ಸವರಿ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಮುಂದಿನ ಭಾನುವಾರದಿಂದ ತಟ್ಟೆ ನೇರ ಕಟ್ಟೆಗೇ ಹೋಗತೊಡಗಿತು. ನಾನು ಒಂದು ತಿಂಗಳಲ್ಲಿ ಐವರು ರಾಜರನ್ನೂ ಸೋಲಿಸಿದೆ. ಓಡಿಹೋಗಿ ಅಪ್ಪನಿಗೆ ಹೇಳಿದಾಗ ಅವನಿಗೆ ನಿಜವಾಗಿಯೂ ಖುಷಿಯಾಯಿತು.

ಮುಂದೆ ಕೇಳಬಹುದಿತ್ತು. ಹೈಸ್ಕೂಲು, ಕಾಲೇಜು, ಕಮಲಾಪುರದ ಶಾಲೆಯಲ್ಲಿ ಟೀಚರ್ ಕೆಲಸ, ಮದುವೆ, ಅಷ್ಟು ವರ್ಷಗಳಲ್ಲಿ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಅವನ ಪಕ್ಕ ಕೂತು "ಎಲ್ಲಿಗೆ ಬಂದಿದ್ವಿ?" ಎಂದಿದ್ದರೆ ಸಾಕಿತ್ತು. ಅಪ್ಪ ಎಲ್ಲಿ ಹೋಗುತ್ತಾನೆ ಎಂದುಕೊಂಡಿದ್ದೆ. ಅವನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು.

ಆಗ ನೆನಪಾಯಿತು ನನಗೆ. ಒಂದು ನೋಟ್‌ಬುಕ್ಕಿನಲ್ಲಿ ಮೊದಲನೇ ಓಣಿ ಬರೆದು, ಮನೆಗಳಿಗೆ ಹೆಸರು ಹಾಕಿ, ಎರಡನೇ ಓಣಿಯಲ್ಲಿ ಗಂಗವ್ವನವರೆಗೆ ಬಂದು ಅವನ ಮುಂದೆ ಹಿಡಿದೆ. ಬಹಳ ಹೊತ್ತು ನೋಡಿದ. ಆಮೇಲೆ ಎಡಗೈ ಬೆರಳಿನಿಂದ ಗಂಗವ್ವನ ಮನೆಯ ಪಕ್ಕದ ಖಾಲಿ ಜಾಗವನ್ನು ಮುಟ್ಟಿದ, ಗಂಟಲಲ್ಲಿ ಏನೋ ಅಂದ. ಅದರ ಪಕ್ಕ ಮುಟ್ಟಿದ, ಮತ್ತೆ ಅಂದ. ಸಾಲು ತಪ್ಪಿಸದೆ ಊರ ಕೊನೆಯವರೆಗೂ ಹೋದ. ಒಂದು ಹೆಸರೂ ನನಗೆ ತಿಳಿಯಲಿಲ್ಲ. ಅವನು ಮುಟ್ಟಿದಲ್ಲೆಲ್ಲ ಒಂದೊಂದು ಚುಕ್ಕೆ ಇಟ್ಟೆ. ಇಪ್ಪತ್ತಮೂರು ಚುಕ್ಕೆಗಳಾದವು.

ಅಪ್ಪ ತೀರಿಕೊಂಡ ಐದನೇ ದಿನ ಕಂಪ್ಲಿಯಿಂದ ಹುಲಿಗೆಮ್ಮತ್ತೆ ಬಂದಳು. ಅಪ್ಪನ ಊರಿನವಳೇ, ಊರು ಬಿಟ್ಟಾಗ ತಾಯಿಯ ಕಂಕುಳಲ್ಲಿದ್ದ ಕೂಸು. ಅವಳ ತಂದೆತಾಯಿ ಬೇಗ ತೀರಿಹೋಗಿದ್ದರು. ಅತ್ತು ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ನಮ್ಮನಿ ಹೆಂಗಿತ್ತಣ್ಣ ಅಂತ ಒಮ್ಮಿ ಕೇಳಿದ್ದೆ. ಊರೆಲ್ಲಾ ಮಗಳಿಗೆ ಹೇಳಾಕತ್ತೀನಿ, ಆಕಿ ಹೇಳ್ತಾಳ ಅಂದಿದ್ದ. ಎರಡನೇ ಓಣಿ ಅಂತಿದ್ರು ನಮ್ದು. ಬಾಗಲಾ ಯಾವ ಕಡೆ ಇತ್ತವ್ವ?"

ನಾನು ನೋಟ್‌ಬುಕ್ ತಂದು ತೆರೆದೆ. ಅತ್ತೆಗೆ ಓದು ಬರದು. ಇವು ಹೆಸರಿದ್ದ ಮನೆ, ಇವು ಹೆಸರಿಲ್ಲದವು ಎಂದು ತೋರಿಸಿದೆ.

"ಇದರಾಗ ನಮ್ದು ಯಾವುದು?"

"ಗೊತ್ತಿಲ್ಲತ್ತಿ."

"ಅಣ್ಣ ಮರ್ತಿರಬೇಕು ಪಾಪ."

ಅಪ್ಪ ಮರೆತಿರಲಿಲ್ಲ, ನಾನು ಕೇಳಿರಲಿಲ್ಲ. ಅತ್ತೆ ಹಾಳೆಯನ್ನು ಬೆಳಕಿಗೆ ಹಿಡಿದು ಚುಕ್ಕೆಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಒಂದರ ಮೇಲೆ ಬೆರಳಿಟ್ಟು, "ಇದು ಅನ್ಕೋತೀನಿ ಬಿಡು" ಎಂದಳು.

ಅದರ ಪಕ್ಕ ಅವಳ ಹೆಸರು ಬರೆದೆ. ಉಳಿದ ಇಪ್ಪತ್ತೆರಡಕ್ಕೆ ಇನ್ನೂ ಹೆಸರಿಲ್ಲ, ಕೇಳಿಕೊಂಡು ಬರುವವರೂ ಈಗ ಯಾರೂ ಇಲ್ಲ.