ದೇವರ ಮಾಡದ ಗಾಗಲ್

ನನ್ನ ಮೊಮ್ಮಗಳ ಕಣ್ಣು ಉಳಿಯಿತು! ಇವತ್ತು ಬೆಳಿಗ್ಗೆ ದವಾಖಾನೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿದರು. ಅವಳು ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಗಾಯವಾಗಿದ್ದ ಬಲಗಣ್ಣನ್ನು ಮೆಲ್ಲಗೆ ಅರಳಿಸಿ, ಮೊದಲು ನನ್ನ ಕಡೆಗೇ ನೋಡಿದಳು. ನೋಡಿ, "ಅಜ್ಜಾ, ನಿನ್ನ ಟೊಪ್ಪಿಗಿ ಸೊಟ್ಟ ಆಗ್ಯದ" ಅಂದಳು.

ಹೌದು, ಸೊಟ್ಟ ಆಗಿತ್ತು! ಆ ಸೊಟ್ಟ ಟೊಪ್ಪಿಗೆಯಲ್ಲೇ ನಾನು ಹೊರಗೆ ಓಡಿ ಬಂದು ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಬೆಂಚಿನ ಮೇಲೆ ಕೂತಿದ್ದ ಯಾರೋ ಒಬ್ಬ ಹೆಣ್ಣುಮಗಳು ಎದ್ದು ಬಂದು, "ಕಾಯ ಝಾಲಂ ಆಜೋಬಾ?", ಏನಾಯಿತು ಅಜ್ಜಾ, ಎಂದು ಕೇಳಿದಳು. ಇಷ್ಟು ವರ್ಷ ಪುಣೆಯಲ್ಲಿದ್ದವನು, ಮರಾಠಿ ನೀರಿನ ಹಾಗೆ ಬರುತ್ತದೆ ನನಗೆ, ಆದರೆ ಆಗ ಬಾಯಿಗೆ ಬಂದದ್ದು ಕನ್ನಡವೇ. "ಕಾಣತದಂತವಾ ಆಕಿಗಿ, ಕಾಣತದಂತ!" ಅಂದೆ. ಅವಳಿಗೆ ಏನು ತಿಳಿಯಿತೋ, ತನ್ನ ಸೆರಗಿನಿಂದ ತಾನೂ ಕಣ್ಣು ಒರೆಸಿಕೊಂಡಳು.

ನಾನು ಕನ್ನಡ ಸಾಲೆಯಲ್ಲಿ ಮೂರನೆಯದರ ತನಕ ಓದಿದವನು. ಬರೆಯಲು ಕೂತರೆ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಆದರೂ ಇವತ್ತು ಬರೆಯದೆ ಇರಲಾಗುತ್ತಿಲ್ಲ. ಸಂತೋಷವನ್ನು ಹೇಳಿ ಮುಗಿಸೋಣ ಅಂದರೆ, ಅದರ ಬೆನ್ನಿಗೇ ದುಃಖವೂ ಬಂದು ಕೂಡುತ್ತದೆ. ಎರಡನ್ನೂ ಬರೆಯುತ್ತೇನೆ.

ಪುಣೆಯ ಧನಕವಡಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಮನೆಯ ಮುಂದಿನ ಖೋಲಿಯೇ ಗಿರಣಿ, ಹಿಂದಿನ ಎರಡು ಖೋಲಿ ನಾವು ಇರುವುದು. ಮನೆಯವರೆಲ್ಲರ ಹುಬ್ಬೂ ಬೆಳ್ಳಗಿರುತ್ತವೆ. ನನ್ನವು ಮಾತ್ರ ಈಗ ತೊಳೆದರೂ ಬೆಳ್ಳಗೇ. ಗಿರಣಿಯ ಎರಡು ಕಲ್ಲು ತಿರುಗಿ ತಿರುಗಿ ನುಣ್ಣಗಾದರೆ ಹಿಟ್ಟು ಬಿಸಿಯಾಗಿ ಹೊರಗೆ ಬರುತ್ತದೆ, ರೊಟ್ಟಿ ಹರಿಯುತ್ತದೆ. ಆಗ ಕಲ್ಲನ್ನು ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಮತ್ತೆ ಅದಕ್ಕೆ ಮುಳ್ಳು ಎಬ್ಬಿಸಬೇಕು. ಟಾಕಿ ಹಾಕುವುದು ಅನ್ನುತ್ತೇವೆ. ನಮ್ಮ ಓಣಿಯಲ್ಲಿ ಗುರುವಾರ ಹಗಲು ಲೈಟು ಹೋಗುತ್ತದೆ, ಹೀಗಾಗಿ ಟಾಕಿಯ ಕೆಲಸ ಗುರುವಾರವೇ.

ಆ ಕೆಲಸದಲ್ಲೇ ನನ್ನ ಎಡಗಣ್ಣು ಹೋದದ್ದು. ಇನ್ನೂ ಮದುವೆಯಾಗಿರಲಿಲ್ಲ. ನಾನೂ ನಮ್ಮವ್ವನೂ ಕಲಬುರ್ಗಿ ಕಡೆಯಿಂದ ಬಂದು ಒಬ್ಬ ಸಾವಕಾರರ ಗಿರಣಿಯ ಹಿಂದೆ ತಗಡಿನ ಶೆಡ್ಡಿನಲ್ಲಿ ಇದ್ದೆವು. ಒಂದು ಗುರುವಾರ ಚಿಟ್ ಅಂದಿತು, ಕಣ್ಣಿನಲ್ಲಿ ಇರುವೆ ಕಡಿದ ಹಾಗಾಯಿತು, ಅಷ್ಟೇ. ಶೆಡ್ಡಿನಲ್ಲಿ ನಮ್ಮ ಕಡೆಯ ಮುದುಕಿ ಒಬ್ಬಳಿದ್ದಳು. ಯಾರ ಕಣ್ಣಿಗೆ ಕಸ ಬಿದ್ದರೂ ರೆಪ್ಪೆ ಬಿಡಿಸಿ ನಾಲಿಗೆಯ ತುದಿಯಿಂದ ತೆಗೆಯುತ್ತಿದ್ದಳು. ಹೊಲದ ಕಸಕ್ಕೆ ಅದು ನಡೆಯುತ್ತಿತ್ತೇನೋ. ನನ್ನ ಕಣ್ಣಿಗೂ ನಾಲಿಗೆ ಆಡಿಸಿ, "ಹೋತ್ ಬಿಡು" ಅಂದಳು. ಅವ್ವ ಔಡಲೆಣ್ಣೆ ಬಿಟ್ಟಳು. ಬಾಜೂ ಮನೆಯ ಬಾಣಂತಿಯನ್ನು ಬೇಡಿ ಎದೆಹಾಲು ತಂದು ಬಿಟ್ಟಳು. ಕಣ್ಣು ಬಾತು ಕೀವು ತುಂಬಿದ ಮೇಲೆ ದವಾಖಾನೆಗೆ ಹೋದೆವು. ಡಾಕ್ಟರು ಮರಾಠಿಯಲ್ಲಿ ಜೋರು ಮಾಡಿದರು: ಅವತ್ತೇ ಬಂದಿದ್ದರೆ ಉಳಿಯುತ್ತಿತ್ತು, ಒಳಗೆ ಕಬ್ಬಿಣದ ಚೂರಿದೆ, ಯಾರು ಎಣ್ಣೆ ಬಿಟ್ಟವರು?

ಅವ್ವನಿಗೆ ಮರಾಠಿ ತಿಳಿಯುತ್ತಿರಲಿಲ್ಲ. ನನ್ನ ಅಂಗಿ ಜಗ್ಗಿ ಕೇಳಿದಳು. "ಏನಂದ್ರೋ?"

"ಏನಿಲ್ಲವಾ. ಹೋಗೂದಿತ್ತು, ಹೋಯ್ತು ಅಂದ್ರು."

"ಅಷ್ಟ ಮಾತಿಗಿ ಅವ್ರ ಯಾಕ ಹಂಗ ನನ್ನ ಕಡಿ ನೋಡಿದ್ರು?"

ನಾನು ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಅವ್ವ ಮತ್ತೆ ಎಂದೂ ಕೇಳಲಿಲ್ಲ. ಕಣ್ಣು ಬಂದರೆ ಎಲ್ಲಮ್ಮನಿಗೆ ಬೆಳ್ಳಿಯ ಕಣ್ಣು ಮಾಡಿಸುತ್ತೇನೆ ಅಂತ ಹರಕೆ ಹೊತ್ತಿದ್ದಳು. ಕಣ್ಣು ಬರಲಿಲ್ಲ, ಆದರೂ ತನ್ನ ಹಳೆಯ ಕಾಲುಂಗುರ ಕರಗಿಸಿ ಮಾಡಿಸಿದಳು. "ಕೊಡಲಿಲ್ಲಂದ್ರ ಇನ್ನೊಂದೂ ತೊಗೊಂಡಾಳು" ಅಂದಳು. ಆ ಬೆಳ್ಳಿಯ ಕಣ್ಣುಗಳು ಇವತ್ತಿಗೂ ನಮ್ಮ ದೇವರ ಮಾಡದಲ್ಲಿ, ಗೋಡೆಯ ಆ ಗೂಡಿನಲ್ಲಿ, ಎಲ್ಲಮ್ಮ ತಾಯಿಯ ಫೋಟೋದ ಮುಂದೆ ಇವೆ.

ಅವತ್ತಿನಿಂದ ಅವ್ವ ಉಣ್ಣಲು ಕೂತರೆ ನನ್ನ ಎಡಗಡೆಗೇ ಕೂಡುತ್ತಿದ್ದಳು, ಕಾಣದ ಕಡೆಗೆ. ರೊಟ್ಟಿ ಹಾಕುವ ಮೊದಲು ನಾನು ಬೆಚ್ಚಬಾರದೆಂದು ಸಣ್ಣಗೆ ಒಂದು ಕೆಮ್ಮು ಕೆಮ್ಮುತ್ತಿದ್ದಳು. ನನಗೆ ಮದುವೆಯಾಯಿತು, ಮಗ ಹುಟ್ಟಿದ, ಈ ಗಿರಣಿ ನಮ್ಮದಾಯಿತು. ಅವಳ ಜಾಗ ಮಾತ್ರ ಅದೇ. ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದೆ, ಎಡಗಡೆಗೆ ಅವಳು ಗೋಡೆಗೆ ಆತು ಕೂತಿದ್ದಳು. ಕೆಮ್ಮು ಕೇಳಲಿಲ್ಲ. ತೂಕಡಿಸಿರಬೇಕು ಅಂದುಕೊಂಡು ಉಂಡು ಮುಗಿಸಿ, ಕೈ ತೊಳೆದು ಬಂದೆ. ಬಂದು ನೋಡಿದರೆ ಉಸಿರು ಇರಲಿಲ್ಲ. ಕೂತಲ್ಲೇ ಹೋಗಿದ್ದಳು. ಬಲಗಡೆಗೆ ಕೂತಿದ್ದರೆ ಕಾಣುತ್ತಿದ್ದಳು. ಆಮೇಲೆ ನನ್ನ ಎಡಗಡೆಗೆ ಕೂಡಲು ನಾನು ಯಾರಿಗೂ ಬಿಡಲಿಲ್ಲ.

ಈಗ ಮೊಮ್ಮಗಳ ಮಾತು. ಮಗ ಟೆಂಪೋ ಹೊಡೆಯುತ್ತಾನೆ, ಮನೆಯಲ್ಲಿ ನಿಲ್ಲುವುದಿಲ್ಲ. ನನಗೆ ಕೈ ನಡುಗುತ್ತದೆ. ಹೀಗಾಗಿ ಟಾಕಿ ಹಾಕುವುದನ್ನು ಕಲಿತವಳು ಅವಳು. ಇಲ್ಲೇ ಕಾಲೇಜಿನಲ್ಲಿ ಡಿಪ್ಲೊಮಾ ಓದುತ್ತಾಳೆ. ಅಲ್ಲಿನ ವರ್ಕ್‌ಶಾಪಿನಲ್ಲಿ ಗಾಗಲ್ ಇಲ್ಲದೆ ಒಳಗೇ ಬಿಡುವುದಿಲ್ಲವಂತೆ. ಆ ಗಾಗಲ್ಲನ್ನೇ ಮನೆಯಲ್ಲೂ ಹಾಕಿಕೊಂಡು ಕಲ್ಲಿನ ಮುಂದೆ ಕೂಡುತ್ತಿದ್ದಳು. ಕಣ್ಣಿನ ಸುತ್ತ ಬದಿಯೆಲ್ಲ ಮುಚ್ಚುವಂಥದು, ತಲೆಯ ಹಿಂದೆ ರಬ್ಬರಿನ ಪಟ್ಟಿ. ಹಿಟ್ಟಿನ ಡಬ್ಬಿ ಹಿಡಿದು ಬಂದ ಹೆಂಗಸರು, "ಕಾಯ ಗಂ, ವಿಮಾನ ಚಾಲವತೇಸ ಕಾ?" ಎಂದು ಕಾಡುತ್ತಿದ್ದರು. "ಹೋ, ಬಸಾ ಮಾಗೆ!" ಎಂದು ಇವಳೂ ಬಿಡುತ್ತಿರಲಿಲ್ಲ. ವಿಮಾನ ಹಾರಿಸುವವಳಿಗೆ ಹಿಂದೆ ಕೂಡಲು ಹೆಂಗಸರು ಬೇಕಲ್ಲ!

ದಸರೆಯಲ್ಲಿ ಖಂಡೇಪೂಜೆ, ಅಂದರೆ ಆಯುಧಪೂಜೆ ಬಂತು. ನನ್ನ ಹೆಂಡತಿ ಗಿರಣಿಯ ಸಾಮಾನೆಲ್ಲ ತೊಳೆದು ದೇವರ ಮುಂದೆ ಇಟ್ಟಳು: ಸುತ್ತಿಗೆ, ಉಳಿ, ನಟ್ಟು ಬಿಚ್ಚುವ ಪಾನಾ, ಹಳೆಯ ಬೆಲ್ಟು. ಗಾಗಲ್ಲನ್ನೂ ಇಟ್ಟು, ಅದರ ಗಾಜಿಗೂ ಅರಿಷಿಣ ಕುಂಕುಮ ಹಚ್ಚಿದಳು. ಮರುದಿನ ಬನ್ನಿ ಹಂಚಿದ ಮೇಲೆ ಉಳಿದ ಸಾಮಾನು ಕೆಲಸಕ್ಕೆ ಹೋದವು. ಗಾಗಲ್ಲನ್ನು ಮಾತ್ರ ಅವಳು ಬಿಡಲಿಲ್ಲ. "ಉಳದವೆಲ್ಲ ಹೊಡಿಯೂ ಸಾಮಾನ, ಇದು ಕಾಯೂ ಸಾಮಾನ. ತಾಯಿ ಹಂತ್ಯಾಕ ಇರಲಿ" ಎಂದು ನಮ್ಮವ್ವನ ಬೆಳ್ಳಿಯ ಕಣ್ಣುಗಳ ಮಗ್ಗುಲಿಗೇ ಇಟ್ಟು, ದಿನಾ ಬೆಳಿಗ್ಗೆ ಒಂದು ಹೂವು ಏರಿಸತೊಡಗಿದಳು. ಮೊಮ್ಮಗಳು ನಕ್ಕು ಪುಸ್ತಕ ಹಿಡಿದಳು. ಅವಳಿಗೆ ಪರೀಕ್ಷೆ ಇತ್ತು, ಕಲ್ಲಿನ ಕೆಲಸ ನಿಂತಿತ್ತು.

ದೀಪಾವಳಿ ಹತ್ತಿರ ಬಂತು. ಚಕ್ಕುಲಿಯ ಹಿಟ್ಟು, ಕಡಲೆ ಹಿಟ್ಟು ಅಂತ ಓಣಿಯೆಲ್ಲ ಡಬ್ಬಿ ಹಿಡಿದು ನಿಂತಿತು. ಕಲ್ಲು ನುಣ್ಣಗಾಗಿತ್ತು. ಗುರುವಾರ ಲೈಟು ಹೋದ ಕೂಡಲೇ ಮೊಮ್ಮಗಳು ಒಳಗೆ ಅಜ್ಜಿಯ ಹತ್ತಿರ ಹೋಗಿ, "ಆಯಿ, ನನ್ನ ಗಾಗಲ್ ಕೊಡು" ಅಂದಳು.

"ಈಗರ ಹೂವ ಏರ್ಸೀನವ್ವ. ಹೂವ ಇದ್ದಾಗ ತಗೀಬಾರ್ದು. ಸಂಜಿ ತನಕಾ ತಡಿ."

"ಸಂಜಿಗಿ ಲೈಟ್ ಬರ್ತದ. ಕಲ್ಲ ಕೂಡಸಬ್ಯಾಡೇನು? ಹೊರಗ ನೋಡು, ಡಬ್ಬಿ ಪಾಳಿ ಹಚ್ಯಾವ."

"ನಿಮ್ಮಜ್ಜಂದು ಚಸ್ಮಾ ಅದ ಅಲ್ಲ? ಅದನ್ನ ಹಾಕ್ಕೋ. ಅದೂ ಗಾಜ, ಇದೂ ಗಾಜ."

ಮೊಮ್ಮಗಳು ನನ್ನ ಓದುವ ಚಸ್ಮಾ ಹಾಕಿಕೊಂಡು ಬಂದು, "ಅಜ್ಜಾ, ಇದ್ರಾಗ ನೀ ಭಾಳ ದೊಡ್ಡ ಮನಷ್ಯಾ ಕಾಣ್ತಿ ನೋಡು!" ಎಂದು ನಗುತ್ತ ಕೂತಳು. ನಾನು ಎದುರಿಗೆ ಕೂತು ಕಲ್ಲು ಹಿಡಿದಿದ್ದೆ. ಉಳಿಯ ತಲೆ ಏಟು ತಿಂದು ತಿಂದು ಅಣಬೆಯ ಹಾಗೆ ಅರಳಿತ್ತು. ಅದರ ಅಂಚು ಒಂದು ಏಟಿಗೆ ಸಿಡಿಯಿತು. ಅದೇ ಸದ್ದು, ಚಿಟ್. ಚೂರು ಚಸ್ಮಾದ ಬದಿಯಿಂದ ಅವಳ ಬಲಗಣ್ಣಿಗೆ ನುಗ್ಗಿತ್ತು. ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

ನನ್ನ ಕಿವಿಯಲ್ಲಿ ನಮ್ಮವ್ವನೇ ಚೀರಿದ ಹಾಗಾಯಿತು. ನನ್ನ ಹೆಂಡತಿ ಔಡಲೆಣ್ಣೆಯ ಬಾಟಲಿ ಹಿಡಿದು ಓಡಿ ಬಂದಳು. ಮೊಮ್ಮಗಳು ಎರಡೂ ಕಣ್ಣು ಮುಚ್ಚಿ, ಕೈಯನ್ನು ತೊಡೆಯ ಮೇಲೆ ಬಿಗಿ ಹಿಡಿದುಕೊಂಡು ಕೂತಿದ್ದಳು. ಉಜ್ಜಿಕೊಳ್ಳಬಾರದೆಂದು ತನ್ನ ಕೈಯನ್ನು ತಾನೇ ಕಟ್ಟಿಹಾಕಿದಂತೆ. "ಆಯಿ, ಎಣ್ಣಿ ಬ್ಯಾಡ. ನೀರೂ ಬ್ಯಾಡ. ಯಾರೂ ಮುಟ್ಟಬ್ಯಾಡ್ರಿ. ಅಜ್ಜಾ, ಚಾದ್ದು ಕಾಗದದ ಕಪ್ ಅದ ಅಲ್ಲ, ಹೊಸಾದು ತಾ" ಅಂದಳು. ಕಣ್ಣಿಗೆ ತಾಕದ ಹಾಗೆ ಆ ಕಾಗದದ ಕಪ್ಪನ್ನು ಬೋರಲು ಇಟ್ಟು, ಅಂಟುಪಟ್ಟಿ ಹಚ್ಚಿ, ಫೋನು ಮಾಡಿ ಮಗನನ್ನು ಕರೆಸಿ ಅವನ ಟೆಂಪೋದಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಒಂದೇ ಮಾತು ಅಂದುಕೊಳ್ಳುತ್ತಿದ್ದೆ. ನನ್ನಲ್ಲಿ ಒಂದು ಸತ್ತ ಕಣ್ಣಿತ್ತಲ್ಲ, ಎದುರಿಗೇ ಕೂತಿದ್ದೆನಲ್ಲ, ಆ ಚೂರು ಇದರಲ್ಲಿ ಬೀಳಬಾರದಿತ್ತೇ?

ಆಪರೇಷನ್ ಮಾಡಿ ಚೂರು ತೆಗೆದರು. ಉಳಿಯುತ್ತದೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೆ ಹೇಳುತ್ತೇವೆ ಅಂದರು. "ಓದುವ ಚಸ್ಮಾ ಇದಕ್ಕೆ ಸಾಲದು ಆಜೋಬಾ" ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದಾಗ, ಹೊರಗೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಮುಖ ನಾನು ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಅವಳಿಗೆ ಯಾರೂ ಏನೂ ಅನ್ನಲಿಲ್ಲ. ಒಮ್ಮೆ ಮಾತ್ರ, ದವಾಖಾನೆಯಿಂದ ಅರಿವೆ ಒಯ್ಯಲು ಬಂದ ಸೊಸೆ ದೇವರ ಮಾಡದ ಮುಂದೆ ನಿಂತು, "ಬೆಳ್ಳಿ ಕಣ್ಣ ಇದ್ದಾಕಿಗಿ ನನ್ನ ಮಗಳ ಗಾಗಲ್ ಯಾಕ ಬೇಕಾಗಿತ್ತೋ" ಅಂದಳು. ತಾಯಿಯ ಕರುಳು, ಅದಕ್ಕೇ ಅಂದಳು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ಕೇಳಿಸಿತು. ಅವತ್ತಿನಿಂದ ಅವಳು ರೊಟ್ಟಿ ಬಿಟ್ಟಳು. ಕೂಸಿನ ಕಣ್ಣು ತೆರೆಯುವ ತನಕ ರೊಟ್ಟಿ ಮುಟ್ಟುವುದಿಲ್ಲ ಅಂದಳು. ನಮ್ಮ ಕಡೆಯವರಿಗೆ ರೊಟ್ಟಿ ಇಲ್ಲವೆಂದರೆ ಊಟವೇ ಇಲ್ಲ. ಗಿರಣಿಯ ಮನೆಯಾಕೆ, ಒಂದು ಲೋಟ ಅಂಬಲಿ ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. "ತೆರೀಲಿಲ್ಲಂದ್ರ?" ಎಂದು ನಾನು ಕೇಳಿದೆ. "ಹಿಂಗ ಹೋಗ್ತೀನ್ರಿ, ನಿಮ್ಮವ್ವ ಹೋದಂಗ" ಅಂದಳು. ಊರೆಲ್ಲ ಪಟಾಕಿ ಹಾರಿಸಿತು. ನಮ್ಮ ಬಾಗಿಲಿಗೆ ಒಂದು ಪಣತಿ ಹಚ್ಚುವವರೂ ಇರಲಿಲ್ಲ.

ಇವತ್ತು ಸುದ್ದಿ ಹೇಳಲು ಮಗ ದವಾಖಾನೆಯಿಂದಲೇ ಮನೆಗೆ ಫೋನು ಮಾಡಿದ. ನಾವು ಮನೆಗೆ ಬಂದು ನೋಡಿದರೆ ಗಾಗಲ್ ದೇವರ ಮಾಡದಲ್ಲಿ ಇರಲಿಲ್ಲ. ನನ್ನ ಹೆಂಡತಿ ಅದನ್ನು ಸಾಬೂನು ಹಚ್ಚಿ ತೊಳೆದು, ಮೆತ್ತನೆಯ ಅರಿವೆಯಿಂದ ಒರೆಸಿ, ಗಿರಣಿಯ ಕಲ್ಲಿನ ಮೇಲಿನ ಮೊಳೆಗೆ ತೂಗುಹಾಕಿದ್ದಳು. ಅಂಚಿನಲ್ಲಿ ಕುಂಕುಮದ ಕೆಂಪು ಇನ್ನೂ ಸ್ವಲ್ಪ ಉಳಿದಿತ್ತು. ಪಕ್ಕದ ಇನ್ನೊಂದು ಮೊಳೆಯನ್ನು ಮೊಮ್ಮಗಳು ತೋರಿಸಿ, "ಇಲ್ಲಿ ಅಜ್ಜಂದೊಂದು. ಕಲ್ಲ ಹಿಡಿಯವ್ರಿಗೂ ಬೇಕು" ಅಂದಳು. ಆ ಅಣಬೆ ತಲೆಯ ಉಳಿಯನ್ನು ಮಗ ಆಗಲೇ ಗುಜರಿಗೆ ಹಾಕಿದ್ದಾನೆ.

ಎಲ್ಲ ಮೊದಲಿನ ಹಾಗೆ ಆಗಿಲ್ಲ. ಕರಿಗುಡ್ಡೆಯ ಮೇಲೆ ಒಂದು ಬಿಳಿಯ ಗೆರೆ ಉಳಿಯುತ್ತದೆ ಅಂದಿದ್ದಾರೆ. ಸಂಜೆ ದೇವರಿಗೆ ದೀಪ ಹಚ್ಚಿದಾಗ ಮೊಮ್ಮಗಳು ಆ ಕಣ್ಣಿನಿಂದ ಬಹಳ ಹೊತ್ತು ನೋಡಿದಳು. "ಆಯಿ, ದೀಪಕ್ಕ ಯಾರೋ ಬಳಿ ತೊಡಿಸಿದಂಗ ಕಾಣ್ತದ" ಅಂದಳು, ನಗುತ್ತಲೇ. ನನ್ನ ಹೆಂಡತಿ ಅವಳ ಎರಡೂ ಕೈ ತನ್ನ ಮುಖಕ್ಕೆ ಒತ್ತಿಕೊಂಡು ಹೋ ಎಂದು ಅತ್ತಳು. ಅಷ್ಟು ದಿನ ಒಂದು ಹನಿಯೂ ಹಾಕಿರಲಿಲ್ಲ.

ಆಮೇಲೆ ಎಲ್ಲರೂ ಉಣ್ಣಲು ಕೂತೆವು. ಬದನೆಕಾಯಿ ಪಲ್ಯ, ಬೇಳೆ, ಶೇಂಗಾ ಹಿಂಡಿ. ಸೊಸೆ ಬಡಿಯುತ್ತಿದ್ದ ರೊಟ್ಟಿಯ ಸಪ್ಪಳ ಕೇಳಿ ಎಷ್ಟು ದಿನವಾಗಿತ್ತು! ಮೊದಲ ಬಿಸಿ ರೊಟ್ಟಿಯನ್ನು ಅವಳು ತಂದು ಅತ್ತೆಯ ತಾಟಿನಲ್ಲಿ ಹಾಕಿ, ಅಲ್ಲೇ ಮುಂದೆ ಕೂತಳು.

"ಅತ್ತಿ, ಮುರೀರಿ. ನೀವ್ ಮುರಿಯೂ ತನಕಾ ನಾವ್ಯಾರೂ ಮುಟ್ಟಂಗಿಲ್ಲ."

"ನೀ ಅಂದಿದ್ದು ಖರೇನ ಇತ್ತವ್ವ."

"ಖರೆ ಇದ್ರೇನಾತು, ಅನ್ನಬಾರದಿತ್ತು. ಉಣ್ರಿ."

ಮೊಮ್ಮಗಳು, "ಲಗೂನ ಮುರಿ ಆಯಿ, ಹಸದೀನಿ! ಕಣ್ಣ ಬಂತು, ಈಗ ಹೊಟ್ಟಿ ಹೋಗ್ತದ" ಅಂದಳು. ಮಗ ನಕ್ಕ. ನನ್ನ ಹೆಂಡತಿ ಒಂದು ತುಣುಕು ಮುರಿದು ಮೊದಲು ಮೊಮ್ಮಗಳ ಬಾಯಿಗೆ ಇಟ್ಟಳು, ಇನ್ನೊಂದನ್ನು ಸೊಸೆಯ ಬಾಯಿಗೆ. ಆಮೇಲೆ ತಾಟು ಎತ್ತಿಕೊಂಡು ಬಂದು, ನನ್ನನ್ನು ಏನೂ ಕೇಳದೆ, ನನ್ನ ಎಡಗಡೆಗೆ ಕೂತಳು. ನಾನು ಬೇಡ ಅನ್ನಲಿಲ್ಲ.

ಎಲ್ಲರೂ ಉಣ್ಣುತ್ತಿದ್ದೆವು. ಎಡಗಡೆಯಿಂದ ಸಣ್ಣ ಒಂದು ಕೆಮ್ಮು ಕೇಳಿತು. ಬೇಕಂತಲೇ ಕೆಮ್ಮಿದಳೋ, ರೊಟ್ಟಿಯೇ ಗಂಟಲಿಗೆ ಸಿಕ್ಕಿತೋ ಗೊತ್ತಿಲ್ಲ. ನಾನು ಪೂರ್ತಿ ಹೊರಳಿ ನೋಡಿದೆ. ರೊಟ್ಟಿಯನ್ನು ಬೇಳೆಯಲ್ಲಿ ಅದ್ದಿಕೊಂಡು ಉಣ್ಣುತ್ತಿದ್ದಳು.